ಹಂಪಿಗೆ ಅಡ್ಡಬಿದ್ದ ಕಾರು

ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಆಟೋದವರು ಕತ್ತು ಬಗ್ಗಿಸಿ ನನ್ನನ್ನು ನೋಡಿ ಕೇಳಿದರು: "ಏನ್ ಸಾರ್, ಕೂತಿದೀರೋ ಮಲ್ಗಿದೀರೋ?"

ತಪ್ಪು ಅವರದಲ್ಲ. ನನ್ನ ಸ್ಪೋರ್ಟ್ಸ್ ಕಾರಿನಲ್ಲಿ ಕೂತವರ ಕಣ್ಣಿಗೆ ನೇರವಾಗಿ ಸಿಗುವುದು ಬಸ್ಸಿನ ಚಕ್ರದ ನಟ್ಟುಗಳು. ಲಾರಿಯ ಹಿಂದೆ ಏನು ಬರೆದಿದೆ ಎಂದು ಓದಬೇಕಾದರೆ ಗೋಪುರದ ಕಳಸ ನೋಡುವವನ ಹಾಗೆ ಕತ್ತೆತ್ತಬೇಕು.

ಕಾರಿನ ಹೆಸರು ಸ್ಯಾನ್ ಸ್ಟಾರ್ಮ್. ಹೆಸರು ಕೇಳಿ ಹುಬ್ಬೇರಿಸುವವರೇ ಹೆಚ್ಚು. 1998ರಲ್ಲಿ ನಮ್ಮ ಬೆಂಗಳೂರಿನ ಸ್ಯಾನ್ ಮೋಟಾರ್ಸ್‌ನವರು ಹೊರತಂದ ಎರಡು ಸೀಟಿನ, ಬಟ್ಟೆ ಚಾವಣಿಯ ಕಾರು ಇದು. ವಿನ್ಯಾಸ ಫ್ರಾನ್ಸಿನವರದು, ಇಂಜಿನ್ ರೆನೋದು, ಮೈ ಪೂರ್ತಿ ಫೈಬರ್. ಆಗ ನನ್ನ ಹತ್ತಿರ ಇದ್ದದ್ದು ಬಸ್ ಪಾಸು. ಸಿಟಿ ಬಸ್ಸಿನ ಸಂಸ್ಥೆ ಬಿಎಂಟಿಸಿ ಆಗಿ ಒಂದು ವರ್ಷವಾಗಿದ್ದರೂ ನಾವಿನ್ನೂ ಬಿಟಿಎಸ್ ಎಂದೇ ಕರೆಯುತ್ತಿದ್ದ ಕಾಲ. ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದಾಗ ಬ್ರಿಗೇಡ್ ರಸ್ತೆಯ ತಿರುವಿನಲ್ಲಿ ಇಂಥದ್ದೊಂದು ಕೆಂಪಗೆ ಹಾದುಹೋಯಿತು. ಅದರ ಹಿಂದೆ ಹೋದ ಮನಸ್ಸು ವಾಪಸ್ಸು ಬರುವಷ್ಟರಲ್ಲಿ ಇಪ್ಪತ್ತೊಂದು ವರ್ಷವಾಗಿತ್ತು. 2019ರಲ್ಲಿ, ತಲೆಯಲ್ಲಿ ಕೂದಲು ಕಮ್ಮಿಯಾಗಿ ಬ್ಯಾಂಕಿನಲ್ಲಿ ದುಡ್ಡು ಸ್ವಲ್ಪ ಜಾಸ್ತಿಯಾದಾಗ, 2001ರ ಮಾಡೆಲ್ಲಿನದೊಂದನ್ನು ಮನೆ ಮುಂದೆ ತಂದು ನಿಲ್ಲಿಸಿದೆ.

ಅಮ್ಮ ಆರತಿ ತಟ್ಟೆ ಹಿಡಿದು ಬಂದವಳು ಒಳಗೆ ಇಣುಕಿ ಎಣಿಸಿದಳು. "ಎರಡೇ ಸೀಟಾ? ಅಂದ್ರೆ ನನ್ನನ್ನ ಎಲ್ಲಿಗೂ ಕರ್ಕೊಂಡು ಹೋಗಲ್ಲ ಅಂತ ಸ್ಟ್ಯಾಂಪ್ ಪೇಪರಿನಲ್ಲೇ ಬರ್ಕೊಟ್ಟ ಹಾಗಾಯ್ತು ಬಿಡು."

ಹೆಂಡತಿ ಏನೂ ಹೇಳಲಿಲ್ಲ. ಚಕ್ರದಡಿ ಇಟ್ಟಿದ್ದ ನಿಂಬೆಹಣ್ಣು ಬಂಪರಿಗೇ ತಾಗುತ್ತಿದೆಯೆಂದು ಚಿಕ್ಕದೊಂದನ್ನು ಹುಡುಕಿ ತಂದಳು.

ಸ್ಪೋರ್ಟ್ಸ್ ಕಾರು ಎಂದಕೂಡಲೇ ಜನ ವೇಗ ಕೇಳುತ್ತಾರೆ. 1,149 ಸಿಸಿ, 60 ಕುದುರೆ ಶಕ್ತಿ. ಈಗಿನ ಮಾಮೂಲಿ ಹ್ಯಾಚ್‌ಬ್ಯಾಕುಗಳೇ ಎಂಬತ್ತು ದಾಟಿವೆ. ನನ್ನ ಅರವತ್ತರಲ್ಲಿ ಇಷ್ಟು ವರ್ಷಕ್ಕೆ ಎಷ್ಟು ಕುದುರೆ ಉಳಿದಿವೆಯೋ, ಎಷ್ಟು ನಿವೃತ್ತಿ ತೆಗೆದುಕೊಂಡಿವೆಯೋ. ಆದರೆ ನೆಲಕ್ಕೆ ಅಷ್ಟು ಹತ್ತಿರ ಕೂತರೆ ನಲವತ್ತರ ವೇಗವೂ ಎಂಬತ್ತರ ಹಾಗಿರುತ್ತದೆ. ಅದಕ್ಕೇ ಕೊಂಡದ್ದು. ಅದಕ್ಕೇ ಅನುಭವಿಸಿದ್ದು ಕೂಡ.

ಮೊದಲ ಪೆದ್ದುತನ ಸ್ಪ್ರಿಂಗಿನದು. ಇಂಟರ್ನೆಟ್ಟಿನ ಫೋಟೋಗಳಲ್ಲಿ ಸ್ಪೋರ್ಟ್ಸ್ ಕಾರುಗಳೆಲ್ಲ ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಿದ್ದವು. ಮೊದಲೇ ಕುಳ್ಳಾದ ಗಾಡಿಯನ್ನು ಇನ್ನೂ ಇಳಿಸಬೇಕೆಂದು ನನಗನ್ನಿಸಿತು. ನಮ್ಮ ಏರಿಯಾದ ಗ್ಯಾರೇಜಿನ ಭಾಯ್ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ರಸ್ತೆ ನೋಡಿದರು. "ಬೇಡ ಸಾರ್" ಅಂದರು. ಬೇಕೆಂದೆ. ಅವರು ಒಪ್ಪದಿದ್ದಾಗ ಇನ್ನೊಂದು ಗ್ಯಾರೇಜಿಗೆ ಹೋದೆ. ಅಲ್ಲಿಯ ಹುಡುಗ ಯಾರ ಮುಖವನ್ನೂ ನೋಡದೆ ಗ್ರೈಂಡರ್ ಹಿಡಿದು ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಕೊಟ್ಟ. ಹದಿನೈದು ನಿಮಿಷದ ಕೆಲಸ.

ವಾಪಸ್ಸು ಬರುವಾಗ ನಮ್ಮ ಬೀದಿಯ ಹಂಪ್ ಎದುರಾಯಿತು.

ಹಂಪ್ ಹೇಗಿರಬೇಕೆಂದು ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕ ಹಾಕಿಟ್ಟಿದೆ. ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಮೇಲೆ ನುಣ್ಣನೆಯ ಉಬ್ಬು. ಗಂಟೆಗೆ 25 ಕಿಲೋಮೀಟರಿನಲ್ಲಿ ಆರಾಮವಾಗಿ ದಾಟಬಹುದು. ನಮ್ಮ ಬೀದಿಯ ಹಂಪ್ ಆ ಪುಸ್ತಕ ಓದಿ ಹುಟ್ಟಿದ್ದಲ್ಲ. ಯಾರದೋ ಮನೆ ಕಟ್ಟಿ ಮಿಕ್ಕ ಕಾಂಕ್ರೀಟಿನಲ್ಲಿ ಒಂದು ರಾತ್ರಿ ಉದ್ಭವವಾದದ್ದು. ಅಗಲ ಒಂದೂವರೆ ಅಡಿ, ಎತ್ತರ ಕಟ್ಟಿದವರ ಕೋಪದಷ್ಟು. ಮುಂದಿನ ಚಕ್ರ ದಾಟಿತು, ಹೊಟ್ಟೆ ಕೂತಿತು. ಕಾರು ತಕ್ಕಡಿಯ ದಂಡಿಗೆಯಂತೆ ಅತ್ತಿತ್ತ ತೂಗತೊಡಗಿತು. ಟ್ಯೂಶನ್ನಿಗೆ ಹೋಗುತ್ತಿದ್ದ ನಾಲ್ಕು ಮಕ್ಕಳು ಎತ್ತಿ ಈಚೆಗಿಟ್ಟರು. "ಅಂಕಲ್, ತುಂಬಾ ಹಗುರ ಇದೆ" ಎಂಬ ಪ್ರಶಂಸೆಯನ್ನೂ ಕೊಟ್ಟರು.

ಮರುದಿನ ತಲೆ ತಗ್ಗಿಸಿಕೊಂಡು ಭಾಯ್ ಬಳಿ ಹೋದೆ. ಅವರು ಬೈಯಲಿಲ್ಲ. ಅದೇ ಹೆಚ್ಚು ನೋಯಿಸಿದ್ದು. ಕತ್ತರಿಸಿದ ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ತೋರಿಸಿದರು: ತುಂಡಾದ ಸ್ಪ್ರಿಂಗು ಗಡುಸಾಗುತ್ತದೆ, ಉದ್ದ ಸಾಲುವುದಿಲ್ಲ, ಚಕ್ರ ಗುಂಡಿಯಲ್ಲಿ ಕೆಳಗಿಳಿದಾಗ ತನ್ನ ಜಾಗ ಬಿಟ್ಟು ಈಚೆ ಬರಬಹುದು. "ಹಂಪಿನ ಮೇಲೆ ಕೂತಿದ್ದು ಪುಣ್ಯ ಸಾರ್. ಹೈವೇಲಿ ಹಾರಿದ್ದಿದ್ರೆ?" ಹೊಸ ಸ್ಪ್ರಿಂಗಿಗಾಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನು ಮೂರು ಶನಿವಾರ ಸುತ್ತಿದೆ. ಇಳಿಸಲು ಕೊಟ್ಟದ್ದರ ನಾಲ್ಕರಷ್ಟು ಏರಿಸಲು ಕೊಟ್ಟೆ. ಅದರ ಜತೆ ಶಾಕ್ ಅಬ್ಸಾರ್ಬರ್, ಬುಷ್, ಅಲೈನ್‌ಮೆಂಟ್ ಎಲ್ಲವೂ ಆಯಿತು. ಬಾಗಿಲಿಗೆಂದು ಹೋದವನು ಮನೆಯನ್ನೇ ಕಟ್ಟಿಸಿ ಬಂದಂತೆ.

ಹಂಪ್ ದಾಟುವ ವಿದ್ಯೆಯನ್ನೂ ಭಾಯ್ ಕಲಿಸಿದರು. ನೇರ ಹೋಗಬಾರದು, ಓರೆಯಾಗಿ ಹೋಗಬೇಕು. ಒಂದೊಂದೇ ಚಕ್ರ ಏರಿ ಒಂದೊಂದೇ ಇಳಿಯಬೇಕು. ಇದಕ್ಕೆ ಇಡೀ ರಸ್ತೆಯ ಅಗಲ ಬೇಕು. ಹಿಂದಿನವರ ಹಾರ್ನೂ, ಎದುರಿನವರ ಆಶೀರ್ವಚನವೂ ಸಹಿಸಬೇಕು. ಎತ್ತಿನ ಗಾಡಿ ದಿಣ್ಣೆ ಹತ್ತುವಾಗ ಜನ ಕೆಳಗಿಳಿಯುತ್ತಿದ್ದರಲ್ಲ, ಹಾಗೆ ನನ್ನ ಹೆಂಡತಿ ಹಂಪ್ ಬಂದಕೂಡಲೇ ತಾನಾಗಿ ಇಳಿದು, ನಡೆದು ದಾಟಿ, ಆಚೆ ಬದಿ ಹತ್ತುವುದನ್ನು ರೂಢಿಸಿಕೊಂಡಳು. ಮೈಸೂರು ರಸ್ತೆಯ ಮದುವೆಯೊಂದಕ್ಕೆ ಹೋಗಿ ಬಂದ ದಿನ ಅವಳ ಮೊಬೈಲು ಆರು ಸಾವಿರ ಹೆಜ್ಜೆ ತೋರಿಸಿತು.

ಹಂಪಿನ ಮೇಲೆ ಕೂತ ದಿನ ಮುಂದಿನ ಬಂಪರಿನ ಕೆಳಗೆ ಬಿರುಕು ಬಿಟ್ಟಿತ್ತು. ಫೈಬರ್ ಮೈಗೆ ಟಿಂಕರಿಂಗ್ ನಡೆಯುವುದಿಲ್ಲ. ತಗಡಾದರೆ ನುಗ್ಗಾಗುತ್ತದೆ, ಬಡಿದು ಸರಿಮಾಡಬಹುದು. ಫೈಬರು ಸೀಳುತ್ತದೆ. ವಿಚಾರಿಸಿದಾಗ ಸಿಕ್ಕಿದವರು ಕಲ್ಯಾಣ ಮಂಟಪಗಳಿಗೆ ಫೈಬರ್ ಕಂಬ, ಆನೆ, ನವಿಲು ಮಾಡಿಕೊಡುವ ಒಬ್ಬರು. ಅವರ ಶೆಡ್ಡಿನಲ್ಲಿ ಬಾಯಿ ತೆರೆದ ಪೆಂಗ್ವಿನ್ ಕಸದ ಡಬ್ಬಿಗಳು ಹನ್ನೆರಡು, ಬಣ್ಣ ಕಾಣದ ಗಣಪತಿಗಳು ಎರಡು, ಪಾರ್ಕಿಗೆ ಹೋಗಬೇಕಿದ್ದ ಒಂದು ಡೈನೋಸಾರ್. ನಡುವೆ ನನ್ನ ಕಾರು ನಿಂತಾಗ ಅದೂ ಆರ್ಡರ್ ಮಾಲೇ ಎಂಬಂತಿತ್ತು. ಅವರು ಬಿರುಕನ್ನು ಒಳಗಿನಿಂದ ಉಜ್ಜಿ, ಫೈಬರ್ ನಾರಿನ ಮ್ಯಾಟ್ ಇಟ್ಟು, ರೆಸಿನ್ ಎಂಬ ಅಂಟಿಗೆ ಅದನ್ನು ಗಟ್ಟಿಮಾಡುವ ಹಾರ್ಡನರ್ ಕಲಸಿ ಬ್ರಶ್ಶಿನಲ್ಲಿ ಬಡಿದು ಬಡಿದು ಪದರ ಕೂರಿಸಿದರು. ಹಾರ್ಡನರ್ ಜಾಸ್ತಿಯಾದರೆ ಡಬ್ಬಿಯಲ್ಲೇ ಬಿಸಿಯೇರಿ ಗಟ್ಟಿಯಾಗುತ್ತದೆ, ಕಮ್ಮಿಯಾದರೆ ನಾಳೆಯೂ ಅಂಟು ಅಂಟು. ನಮ್ಮಮ್ಮನ ಮೈಸೂರು ಪಾಕಿನ ಹದವೇ. ಕೆಲಸ ಎಷ್ಟು ಚೊಕ್ಕಟವೆಂದರೆ ಕೈಯಾಡಿಸಿದರೂ ಗೊತ್ತಾಗದು. ಬಣ್ಣ ಮಾತ್ರ ಕಾರಿನದಲ್ಲ, ಆನೆಯ ಅಂಬಾರಿಯದು.

ಆಮೇಲೆ ಟೈರು. ಪಂಚರ್ ಅಂಗಡಿಯಲ್ಲಿ ನಾನು ಬೀಗುತ್ತ ಹೇಳಿದೆ: "ನೋಡಪ್ಪ, ಟೈರಿನ ಗೀರು ಇನ್ನೂ ಎಷ್ಟು ಆಳ ಇದೆ." ಆ ಆಳ ಸವೆದು 1.6 ಮಿಲಿಮೀಟರಿಗಿಂತ ಕಮ್ಮಿಯಾದರೆ ಬದಲಾಯಿಸಬೇಕೆಂಬುದು ನನಗೆ ಗೊತ್ತಿದ್ದ ಒಂದೇ ನಿಯಮ. ಹುಡುಗ ಟೈರಿನ ಪಕ್ಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನಾಲ್ಕು ಅಂಕಿ ತೋರಿಸಿದ: 1109. 2009ನೇ ಇಸವಿಯ ಹನ್ನೊಂದನೇ ವಾರ ತಯಾರಾದದ್ದು. "ನಿಮ್ ಟೈರು ಸ್ಕೂಲಿಗೆ ಹೋಗಿದ್ರೆ ಇಷ್ಟೊತ್ತಿಗೆ ನಾಲ್ಕನೇ ಕ್ಲಾಸು ಸಾರ್." ಹಳೆಯ ರಬ್ಬರು ಸವೆಯದೇ ಇರಬಹುದು, ಆದರೆ ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ಬಿಡುತ್ತದಂತೆ. ಗಂಟಲು ಒಣಗಿತು. ಹಿಂದಿನ ವಾರ ಮಳೆಯಲ್ಲಿ ಮೇಖ್ರಿ ಸರ್ಕಲ್ಲಿನಲ್ಲಿ ಕಾರು ಜಾರಿದ್ದನ್ನು ನಾನು "ಸ್ಪೋರ್ಟಿ ಹ್ಯಾಂಡ್ಲಿಂಗ್" ಎಂದು ಆಫೀಸಿನಲ್ಲಿ ವರ್ಣಿಸಿದ್ದೆ. ನಾಲ್ಕೂ ಬದಲಾಯಿಸಿದೆ, ಸ್ಟೆಪ್ನಿಯನ್ನೂ ಸೇರಿಸಿ. ಅದರ ವಯಸ್ಸು ಹೇಳಲು ನಾಚಿಕೆ.

ನಾನು ಕಾರು ಕೊಂಡ ವರ್ಷವೇ ಹೊಸ ಕಾರುಗಳಿಗೆಲ್ಲ, ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್, ಚಾಲಕನಿಗೊಂದು ಏರ್‌ಬ್ಯಾಗ್ ಕಡ್ಡಾಯವಾದವು. ನನ್ನ ಗಾಡಿಯಲ್ಲಿ ಎಬಿಎಸ್ ಎಂದರೆ ನನ್ನ ಬಲಗಾಲು, ಏರ್‌ಬ್ಯಾಗ್ ಎಂದರೆ ನನ್ನ ಹೊಟ್ಟೆ. ಇವೆರಡನ್ನೂ ನೆಚ್ಚಿಕೊಂಡೇ ಒಂದು ಭಾನುವಾರ ಬೆಳಿಗ್ಗೆ ಐದಕ್ಕೆ ನಂದಿ ಬೆಟ್ಟಕ್ಕೆ ಹೊರಟೆವು. ಹತ್ತುವಾಗ ಸ್ವರ್ಗ. ಚಾವಣಿ ಮಡಚಿದ್ದೆ, ಮಂಜು ಒಳಗೇ ಬಂದು ಕೂರುತ್ತಿತ್ತು. ಇಳಿಯುವಾಗ ನಾಲ್ಕನೇ ಗೇರಿನಲ್ಲಿ, ಪ್ರತಿ ತಿರುವಿಗೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದೆ. ಅರ್ಧ ದಾರಿಯಲ್ಲಿ ಪೆಡಲ್ ನೆನೆದ ಹೆಸರುಬೇಳೆಯ ಹಾಗೆ ಮೆತ್ತಗಾಯಿತು. ಮುಂದಿನ ತಿರುವಿನಲ್ಲಿ ನೆಲ ಮುಟ್ಟಿತು. ಗೇರು ಇಳಿಸಿದೆ, ಮತ್ತೆ ಇಳಿಸಿದೆ, ಇಂಜಿನ್ ಅರಚಿಕೊಂಡಿತು. ಹ್ಯಾಂಡ್‌ಬ್ರೇಕನ್ನು ಹಲ್ಲು ಹಲ್ಲಾಗಿ ಎಳೆಯುತ್ತ ರಸ್ತೆ ಬದಿಯ ಸೌತೆಕಾಯಿ ಗಾಡಿಯ ಮುಂದೆ ನಿಲ್ಲಿಸಿದೆ. ನಿಂತದ್ದು ಎಷ್ಟು ಕರಾರುವಾಕ್ಕಾಗಿತ್ತೆಂದರೆ ಆ ಅಜ್ಜಿ ಗಿರಾಕಿಯೆಂದೇ ತಿಳಿದು ಉಪ್ಪುಕಾರ ಹಚ್ಚಲು ಶುರುಮಾಡಿದರು.

ಹೆಂಡತಿ ಕೇಳಿದಳು: "ಯಾಕೆ, ಸೌತೆಕಾಯಿ ಬೇಕಿತ್ತಾ?"

"ಬ್ರೇಕ್ ಹೋಗಿತ್ತು."

"ಮೊದ್ಲೇ ಹೇಳೋದಲ್ವಾ? ಚಿತ್ರಾನ್ನದ ಡಬ್ಬಿ ಗಟ್ಟಿಯಾಗಿ ಹಿಡ್ಕೊಳ್ತಿದ್ದೆ."

ಬ್ರೇಕ್ ಆಯಿಲ್ ಎಂಬುದು ಉಪ್ಪಿನ ಹಾಗೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯದು ಹೊಸದಿದ್ದಾಗ 230 ಡಿಗ್ರಿವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ. ದ್ರವವನ್ನು ಒತ್ತಿದರೆ ಚಕ್ರ ನಿಲ್ಲುತ್ತದೆ, ಆವಿಯನ್ನು ಒತ್ತಿದರೆ ಆವಿ ಒತ್ತಿಸಿಕೊಳ್ಳುತ್ತದೆ ಅಷ್ಟೇ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದದ್ದು. ಭಾಯ್ ತೆಗೆದು ತೋರಿಸಿದ್ದು ಬೈಟು ಕಾಫಿಯ ತಳದ ಬಣ್ಣದಲ್ಲಿತ್ತು. ಹಿಂದಿನ ಮಾಲೀಕರನ್ನು ಬೈಯೋಣವೆಂದರೆ, ಕೊಂಡ ಮೇಲೆ ನಾನೂ ಆಸೆಪಟ್ಟು ಮಾಡಿಸಿದ ಕೆಲಸ ಬ್ರೇಕಿನದಲ್ಲ, ಸೈಲೆನ್ಸರಿನದು. "ಹತ್ತಿದ ಗೇರಲ್ಲೇ ಇಳೀಬೇಕು ಸಾರ್. ಲಾರಿ ಕ್ಲೀನರ್ ಹುಡುಗನಿಗೂ ಗೊತ್ತು," ಎಂದರು ಭಾಯ್. ಈ ಸಲ ಬೈದರು. ಸಮಾಧಾನವಾಯಿತು.

ಅಂದಿನಿಂದ ಬ್ರೇಕ್ ಆಯಿಲ್ ಬದಲಾವಣೆ ಮನೆಯಲ್ಲೇ. ಅದಕ್ಕೆ ಇಬ್ಬರು ಬೇಕು, ಒಬ್ಬರು ಪೆಡಲ್ ಒತ್ತಲು, ಇನ್ನೊಬ್ಬರು ಚಕ್ರದ ಹತ್ತಿರ ನಿಪ್ಪಲ್ ಬಿಚ್ಚಿ ಗಾಳಿ ಹೊರಬಿಡಲು. ಕಾರಿನಡಿ ಮಲಗಿ ನಾನು ಕೂಗುತ್ತೇನೆ: "ಒತ್ತು... ಹಿಡ್ಕೋ... ಹಿಡ್ಕೋ... ಬಿಡು!" ಮೊದಲ ಸಲ ಎದುರುಮನೆಯ ನಿವೃತ್ತ ನರ್ಸಮ್ಮ ಬಿಸಿನೀರು ಬೇಕೇ ಎಂದು ಕೇಳಿಕೊಂಡು ಬಂದಿದ್ದರು.

ಸೈಲೆನ್ಸರಿನ ಕಥೆ ಚಿಕ್ಕದು. ಹುಲಿ ಗರ್ಜಿಸುವಂತಾಗಲಿ ಎಂದು ಹಾಕಿಸಿದ್ದೆ. ಗಾಡಿಗೆ ಇಪ್ಪತ್ತು ತುಂಬಿ ಆರ್‌ಸಿ ನವೀಕರಣಕ್ಕೆ ಹೋದಾಗ ಇನ್ಸ್‌ಪೆಕ್ಟರ್ ಇನ್ನೂ ಮೇಜಿನಲ್ಲೇ ಕೂತಿದ್ದರು, ಗೇಟಿನಲ್ಲಿ ನಾನು ಸ್ಟಾರ್ಟ್ ಮಾಡಿದ್ದಕ್ಕೇ ತಲೆಯಾಡಿಸಿದರು. ಕಂಪನಿ ಕೊಟ್ಟ ರೂಪ ಬದಲಾಯಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಒತ್ತಿ ಹೇಳಿತ್ತು. ನಾನು ಗಾಡಿ ಕೊಳ್ಳುವ ಮೊದಲೇ! ಹಳೆಯ ಸೈಲೆನ್ಸರನ್ನು ಗುಜರಿಗೆ ಹಾಕದೆ ಅಟ್ಟದ ಮೇಲಿಟ್ಟಿದ್ದ ಅಮ್ಮನಿಗೆ ಅಂದು ಸೀರೆ ಕೊಡಿಸಿದೆ.

ಇಷ್ಟೆಲ್ಲ ಆದಮೇಲೂ ಒಂದು ಭಯ ಉಳಿಯಿತು. ನಿಲ್ಲಿಸುವುದು ನನ್ನ ಕೈಯಲ್ಲಿದೆ, ಕಾಣಿಸುವುದು? ಲಾರಿಯ ಡ್ರೈವರಿಗೆ ನಾನು ಕಾಣುವುದಿಲ್ಲ. ಟಿಪ್ಪರಿನವರಂತೂ ಖಾಲಿ ಜಾಗವೆಂದೇ ತಿಳಿದು ನನ್ನ ಮೇಲೆ ತಿರುಗಿಸಲು ಬರುತ್ತಾರೆ. ಹೀಗಿರುವಾಗ ನವೆಂಬರ್ ಬಂತು. ಎಲ್ಲರಂತೆ ನಾನೂ ಹಿಂಬದಿಗೆ ಒಂದು ಕೋಲು ಸಿಕ್ಕಿಸಿ ಕನ್ನಡ ಬಾವುಟ ಕಟ್ಟಿದೆ. ಅಂದೇ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಒಂದು ಲಾರಿ ನನಗೆ ದಾರಿ ಬಿಟ್ಟಿತು. ಡ್ರೈವರು ಕೈಯೆತ್ತಿ ನಗುವುದೂ ಕಂಡಿತು.

ಬಾವುಟ ಡಿಸೆಂಬರಿನಲ್ಲೂ ಉಳಿಯಿತು. ಯುಗಾದಿಗೆ ಮಾಸಿತು, ಹೊಸದು ಕಟ್ಟಿದೆ. ಮಳೆಗಾಲಕ್ಕೆ ಇನ್ನೊಂದು. ಮುಂದಿನ ಅಕ್ಟೋಬರಿನಲ್ಲಿ ನಮ್ಮ ಬೀದಿಯ ಕನ್ನಡ ಸಂಘದವರು ಹಾರ ಹಿಡಿದು ಮನೆಗೇ ಬಂದರು. ವರ್ಷವಿಡೀ ಬಾವುಟ ಇಳಿಸದ ಅಭಿಮಾನಿ ಇಡೀ ವಾರ್ಡಿನಲ್ಲಿ ನಾನೊಬ್ಬನೇ ಅಂತೆ, ಈ ಸಲದ ಮೆರವಣಿಗೆಯಲ್ಲಿ ತಾಯಿ ಭುವನೇಶ್ವರಿಯ ಭಾವಚಿತ್ರ ನನ್ನ ತೆರೆದ ಕಾರಿನಲ್ಲೇ ಬರಬೇಕಂತೆ. ಅಡುಗೆಮನೆಯಿಂದ ಹೆಂಡತಿ "ಅದು ಅಭಿಮಾನ ಅಲ್ಲ, ಲಾರಿ ಭಯ" ಎಂದದ್ದು ಪುಣ್ಯಕ್ಕೆ ಒಗ್ಗರಣೆಯ ಸದ್ದಿನಲ್ಲಿ ಮುಚ್ಚಿಹೋಯಿತು.

ಮೆರವಣಿಗೆ ಹೊರಟಿತು. ಮುಂದೆ ಡೊಳ್ಳು, ಹಿಂದೆ ತಮಟೆ, ನಡುವೆ ಮೊದಲ ಗೇರಿನಲ್ಲಿ ಕುಂಟುತ್ತ ನಾನು, ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಸಿಕೊಂಡ ತಾಯಿ. ಟೆಂಪರೇಚರ್ ಮುಳ್ಳು ಮೆಲ್ಲಗೆ ಏರುತ್ತಿತ್ತು. ಬೀದಿಯ ಕೊನೆಯಲ್ಲಿ ಹಂಪ್.

ನಿಲ್ಲಿಸಿದೆ. ಭಾವಚಿತ್ರಕ್ಕೆ ತೇಗದ ಚೌಕಟ್ಟು, ಮೇಲೆ ಮಣಭಾರದ ಸೇವಂತಿಗೆ ಹಾರ. ಹೆಂಡತಿಗೆ ಹೇಳಬೇಕಾಗಲಿಲ್ಲ. ಗುಂಪಿನಿಂದ ಸರಸರನೆ ಬಂದಳು, ಬೆಲ್ಟ್ ಬಿಚ್ಚಿದಳು, ಸಂಘದ ಇಬ್ಬರನ್ನು ಕರೆದು ಭಾವಚಿತ್ರವನ್ನು ಎತ್ತಿಸಿಕೊಂಡು ನಡೆದೇ ಹಂಪ್ ದಾಟಿದಳು. ಜನ ಅದನ್ನು ಭಕ್ತಿಯೆಂದೇ ತಿಳಿದು ಜೈಕಾರ ಹಾಕಿದರು. ನಾನು ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ರಸ್ತೆಗೆ ಅಡ್ಡಲಾಗಿ, ಒಂದೊಂದೇ ಚಕ್ರ ಏರಿಸುತ್ತ ಹೊರಟೆ. ಕನ್ನಡಿಯಲ್ಲಿ ನೋಡುತ್ತೇನೆ, ತಮಟೆಯವರು, ಕಳಸ ಹೊತ್ತ ಹೆಂಗಸರು, ಸ್ಕೂಲ್ ಮಕ್ಕಳು, ಹಿಂದೆ ಬರುತ್ತಿದ್ದ ಇಡೀ ಮೆರವಣಿಗೆ ನನ್ನ ಜಾಡನ್ನೇ ಹಿಡಿದು ಓರೆಯಾಗಿ ಹಂಪ್ ದಾಟುತ್ತಿದೆ.