ಟವೆಲ್ ಕೆಳಗಿನ ಬೆರಳು

ದನದ ಜಾತ್ರೆಯಲ್ಲಿ ವ್ಯಾಪಾರ ನೋಡಿದವರಿಗೆ ಗೊತ್ತು. ಎತ್ತಿನ ಬೆಲೆಯನ್ನು ದಲ್ಲಾಳಿ ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ ಕೆಳಗೆ ಕೈ ಹಿಡಿದು ಬೆರಳು ಒತ್ತುತ್ತಾನೆ. ಸುತ್ತ ನಿಂತವರಿಗೆ ಎಷ್ಟು ಅಂತ ತಿಳಿಯುವುದಿಲ್ಲ. ಆದರೆ ಅವನು ದಲ್ಲಾಳಿ ಅನ್ನುವುದು ಇಡೀ ಜಾತ್ರೆಗೇ ಗೊತ್ತು. 'ನಾನು ಎತ್ತಿನ ಹಿತೈಷಿ, ಸುಮ್ನೆ ಈ ಕಡೆ ಬಂದಿದ್ದೆ' ಅಂತ ಅವನು ಯಾವತ್ತೂ ಹೇಳಿದವನಲ್ಲ.

ನನ್ನ ಭಾವಮೈದ ಹೇಳುತ್ತಾನೆ. ದಿನಾ ಬೆಳಿಗ್ಗೆ, ಫ್ಯಾಮಿಲಿ ಗ್ರೂಪಿನಲ್ಲಿ, ಸುಪ್ರಭಾತದ ಫೋಟೋ ಬಂದ ಮೇಲೆ. 'ನಮ್ಮನೇಲಿ ಆರು ತಿಂಗಳಿಂದ ಇದೇ ಮಿಕ್ಸಿ. ಪ್ರಾಮಾಣಿಕ ಅಭಿಪ್ರಾಯ.' ಅವನ ಮನೆಯಲ್ಲಿ ಈಗಲೂ ಇರುವುದು ಮದುವೆಗೆ ನಾವು ಕೊಟ್ಟ ಮಿಕ್ಸಿ. ಜಾರಿನ ಮುಚ್ಚಳದ ಮೇಲೆ ಕೈ ಊರಿ ನಿಂತರೆ ಮಾತ್ರ ತಿರುಗುತ್ತದೆ.

ಅಭಿಪ್ರಾಯದ ಕೆಳಗೆ ಒಂದು ನೀಲಿ ಲಿಂಕ್. ಈ ಜಾತಿಯ ಲಿಂಕಿಗೆ ಹುಟ್ಟುತ್ತಲೇ ಬಾಲ ಇರುತ್ತದೆ. ಅಮೆಜಾನ್ 1996ರಲ್ಲೇ ಶುರು ಮಾಡಿದ ಕಮಿಷನ್ ಏರ್ಪಾಡು ಇದು. ವಿಳಾಸದಲ್ಲಿ 'ಟ್ಯಾಗ್' ಅಂತ ಒಂದು ಗುರುತು, ಅದರಲ್ಲಿ ಗಿರಾಕಿ ಕಳಿಸಿದವನ ಹೆಸರು, ನಮ್ಮ ದೇಶದವರಾದರೆ ಹೆಸರಿನ ಕೊನೆಗೆ 21. ಆ ಬಾಲ ಹಿಡಿದು ಒಳಗೆ ಹೋದರೆ ಮುಂದಿನ 24 ಗಂಟೆ ನೀವು ಅವನ ಗಿರಾಕಿ. ಮಿಕ್ಸಿ ನೋಡಲು ಹೋಗಿ ಬೆಕ್ಕಿನ ಊಟ ಕೊಂಡರೂ ಅವನಿಗೆ ಪಾಲು ಉಂಟು. ಅದಕ್ಕಾಗಿ ನಿಮ್ಮ ಬಿಲ್ಲೇನೂ ಏರುವುದಿಲ್ಲ. ಮತ್ತೆ ಮುಚ್ಚಿಡೋದು ಯಾಕಪ್ಪಾ ಅಂತ ಕೇಳಿದೆ.

'ಬಾಲ ಕಂಡ್ರೆ ಜನ ಒತ್ತಲ್ಲ ಭಾವ' ಅಂದ.

ಹಾಗಾಗಿ ಬಾಲ ಮುಚ್ಚುವುದೇ ಒಂದು ವಿದ್ಯೆ. ಕಲಿಯುವ ಮಕ್ಕಳು ಉದ್ದ ಲಿಂಕನ್ನು ಗಿಡ್ಡ ಮಾಡಿಕೊಡುವ ಬಿಟ್ಲಿಯಂಥ ಕಡೆ ಒಯ್ದು ಲಿಂಕನ್ನು ನುಣ್ಣಗೆ ಬೋಳಿಸಿ ತರುತ್ತಾರೆ. ಒಳಗೆ ಮಿಕ್ಸಿ ಇದೆಯೋ ಮೊಸಳೆ ಇದೆಯೋ, ಒತ್ತಿದವರಿಗಷ್ಟೇ ಗೊತ್ತು. ಪಳಗಿದವರು ತಮ್ಮದೇ ಡೊಮೇನ್, ಅಂದರೆ ವೆಬ್ ವಿಳಾಸ, ಕೊಂಡು ಅದರಲ್ಲಿ 'ಗೋ' ಅಂತಲೋ 'ರೆಕಮೆಂಡ್ಸ್' ಅಂತಲೋ ಒಂದು ಬಾಗಿಲು ನಿಲ್ಲಿಸುತ್ತಾರೆ. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆ ಪ್ಲಗಿನ್ನು ಅನ್ನುವ ಜೋಡಣೆಗಳೇ ಇವೆ. ಒಂದರ ಹೆಸರು ಪ್ರೆಟಿ ಲಿಂಕ್ಸ್. ಇನ್ನೊಂದು ಥರ್ಸ್ಟಿ ಅಫಿಲಿಯೇಟ್ಸ್, ಅಂದರೆ ಬಾಯಾರಿದ ದಲ್ಲಾಳಿಗಳು. ಇಡೀ ದಂಧೆಯಲ್ಲಿ ನಿಜ ಹೇಳಿದವನು ಆ ಹೆಸರಿಟ್ಟವನೊಬ್ಬನೇ ಇರಬೇಕು.

ನೀವು ಒತ್ತಿದಾಗ ಬ್ರೌಸರ್ ಮೊದಲು ಆ ಬಾಗಿಲಿಗೆ ಹೋಗುತ್ತದೆ. ಅಲ್ಲಿ 301 ಅಥವಾ 302 ಅಂತ ಬೋರ್ಡು. 301 ಅಂದರೆ ಈ ಮನೆಯವರು ಖಾಯಂ ಬೇರೆ ಕಡೆ ಹೋದರು. 302 ಅಂದರೆ ಸದ್ಯಕ್ಕೆ ಹೋಗಿದ್ದಾರೆ. ಹೋಗೋದಕ್ಕೆ ಅಲ್ಲಿ ಮನೆಯೇ ಇರಲಿಲ್ಲ, ಬರೀ ಬಾಗಿಲು! ಕಣ್ಣು ಮಿಟುಕಿಸುವಷ್ಟರಲ್ಲಿ ನೀವು ಅಂಗಡಿಯೊಳಗೆ.

ಮುಚ್ಚುವುದಕ್ಕೆ ಇನ್ನೊಂದು ಕಾರಣವನ್ನೂ ಕೊಡುತ್ತಾರೆ. ಬಾಲ ಬಿಚ್ಚಿಟ್ಟರೆ ಕಳ್ಳರು ಅದನ್ನು ಕತ್ತರಿಸಿ ತಮ್ಮದು ಅಂಟಿಸುತ್ತಾರಂತೆ. ಇದು ಪೂರ್ತಿ ಸುಳ್ಳಲ್ಲ. ಹನಿ ಅಂತ ಬ್ರೌಸರಿಗೆ ಅಂಟಿಕೊಂಡು ಕೂಪನ್ ಹುಡುಕಿಕೊಡುವ ಎಕ್ಸ್‌ಟೆನ್ಶನ್ ಒಂದಿದೆ. ಆನ್‌ಲೈನ್ ಪಾವತಿ ಕಂಪನಿ ಪೇಪಾಲ್ 2020ರಲ್ಲಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. ಗಿರಾಕಿ ದುಡ್ಡು ಕಟ್ಟುವ ಕೊನೇ ಗಳಿಗೆಯಲ್ಲಿ ಅದು ಬೇರೆಯವರ ಗುರುತು ತೆಗೆದು ತನ್ನದನ್ನು ಕೂರಿಸುತ್ತದೆ ಅಂತ 2024ರ ಡಿಸೆಂಬರ್‌ನಲ್ಲಿ ಯೂಟ್ಯೂಬರ್ ಒಬ್ಬರು ಆರೋಪಿಸಿದರು. ದುಡ್ಡು ಇಸ್ಕೊಂಡು ಹನಿಯನ್ನು ಊರಿಗೆಲ್ಲ ಹೊಗಳಿದ್ದು ಯಾರು? ಲಿಂಕ್ ಹಾಕಿ ಬದುಕುವ ಯೂಟ್ಯೂಬರ್‌ಗಳೇ. ಹನಿ ಹನಿ ಗೂಡಿ ಹಳ್ಳವಾಯಿತು, ಹೊಗಳಿದವರೇ ಅದಕ್ಕೆ ಬಿದ್ದರು.

ಇನ್ನು ಸರ್ಕಾರ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ನಿಯಮ ಹೊರಡಿಸಿತು. ದುಡ್ಡಿನ ಸಂಬಂಧ ಇದ್ದರೆ ಎದ್ದು ಕಾಣುವ ಹಾಗೆ ಹೇಳಿ, ಹ್ಯಾಷ್‌ಟ್ಯಾಗ್ ಗುಂಪಿನಲ್ಲಿ ತುರುಕಬೇಡಿ ಅಂತ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೂ, ಮತ್ತೆ ಮಾಡಿದರೆ 50 ಲಕ್ಷದವರೆಗೂ ದಂಡ ಇದೆ. ಭಾವಮೈದ ಇದನ್ನು ಓದಿ ಬೆವತ. ಕೂಡಲೇ ತನ್ನ ಚಾನೆಲ್ಲಿನ ಮಿಕ್ಸಿ ವಿಡಿಯೋದಲ್ಲಿ ಒಂದು ಸಾಲು ಸೇರಿಸಿದ. 'ಕೆಲವು ಲಿಂಕ್‌ಗಳಿಂದ ನಮ್ಮ ಚಾನೆಲ್‌ಗೆ ಸಣ್ಣ ಬೆಂಬಲ ಸಿಗಬಹುದು.' ಅದೂ ಬಿಳಿ ಮಿಕ್ಸಿಯ ಮೇಲೆ ಬಿಳಿ ಅಕ್ಷರದಲ್ಲಿ. ಆ 'ಬಹುದು' ನೋಡಿ. ತಿಂಗಳು ತಿಂಗಳು ಬ್ಯಾಂಕಿಗೆ ಬೀಳುವ ದುಡ್ಡಿಗೆ 'ಬಹುದು' ಅಂತೆ.

ಮೊನ್ನೆ ಅವನ ಹೊಸ ಮನೆಯ ಗೃಹಪ್ರವೇಶದ ಕರೆಯೋಲೆ ಬಂತು, ವಾಟ್ಸಾಪಿನಲ್ಲೇ. 'ಮನೆಗೆ ದಾರಿ ಕೆಳಗಿದೆ' ಅಂತ ಬರೆದು ಪುಟ್ಟ ಲಿಂಕ್ ಇಟ್ಟಿದ್ದ. ಒತ್ತಿದೆ. ಇಡ್ಲಿ ಕುಕ್ಕರ್ ತೆರೆದುಕೊಂಡಿತು. ಫೋನ್ ಮಾಡಿ ಬೈದೆ.

'ಅಯ್ಯೋ, ಲಿಂಕ್ ಅದಲುಬದಲಾಗಿದೆ ಭಾವ. ಅದು ಗಿಫ್ಟ್ ಕೊಡೋರಿಗೆ ಇಟ್ಟಿದ್ದು' ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಕೇಳಿದ: 'ಹೆಂಗೂ ಒತ್ತಿದೀರಲ್ಲ, ನಾಳೆ ಇಷ್ಟೊತ್ತಿನೊಳಗೆ ಮನೆಗೆ ಏನಾದ್ರೂ ತರಿಸೋದಿದ್ಯಾ?'