ಗುಡ್ ಮಾರ್ನಿಂಗ್ ಕೂರ್ಗ್, ಸಿಲ್ಕ್ ಬೋರ್ಡ್‌ನಲ್ಲಿ ಜಾಮ್!

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಇವತ್ತು ಎಷ್ಟು ಹೊತ್ತು ನಿಲ್ಲಬೇಕು, ಹೆಬ್ಬಾಳ ಫ್ಲೈಓವರ್ ಮೇಲೆ ಲಾರಿ ಕೆಟ್ಟು ನಿಂತಿದೆಯಾ, ಟಿನ್ ಫ್ಯಾಕ್ಟರಿ ಹತ್ತಿರ ನೀರು ಇಳಿಯಿತಾ. ಇದೆಲ್ಲ ಕೊಡಗಿನ ನಾಪೋಕ್ಲಿನ ಜನರಿಗೆ ಬೆಳಗ್ಗೆ ಏಳೂವರೆಗೇ ಗೊತ್ತಿರುತ್ತದೆ. ಗೊತ್ತಿಲ್ಲದ್ದು, ನಾಪೋಕ್ಲಿನಿಂದ ಮಡಿಕೇರಿಗೆ ಹೋಗುವ ರಸ್ತೆಗೆ ಮರ ಬಿದ್ದಿದೆಯಾ ಅನ್ನೋದು.

ಇದು ಬೆಳಗಿನ ರೇಡಿಯೋ ಶೋ ಮಾಡಿದ ಉಪಕಾರ. ಬೆಂಗಳೂರಿನ ಎ.ಸಿ. ಸ್ಟುಡಿಯೋದಲ್ಲಿ ಹುಟ್ಟಿ, ಮೊಬೈಲ್ ಆ್ಯಪ್ ಹಿಡಿದು, ನೇರ ನಮ್ಮ ಅಡುಗೆಮನೆಗೆ ಬರುತ್ತದೆ. ಯಾವ ಸ್ಟೇಷನ್ ಅಂತ ಕೇಳಬೇಡಿ. ಕಣ್ಣು ಮುಚ್ಚಿ ಕೇಳಿದರೆ ಎಲ್ಲವೂ ಒಂದೇ. ಕೂಗುವುದಕ್ಕೆ ಒಬ್ಬ, ಅವನು ಕೂಗಿದ್ದಕ್ಕೆಲ್ಲ ನಗುವುದಕ್ಕೆ ಒಬ್ಬಳು, ಮಧ್ಯೆ ಒಬ್ಬ ಅತಿಥಿ. ಎರಡು ಹಾಡು, ಹನ್ನೆರಡು ಜಾಹೀರಾತು. ಕೊನೆಗೆ ಕೊಳಲಿನ ಜೊತೆ ಎರಡು ನಿಮಿಷ ಚಿಂತನೆ.

ಜೂನ್ ಬಂತೆಂದರೆ ಇವರಿಗೆ ಕೊಡಗು ನೆನಪಾಗುತ್ತದೆ. 'ವಾವ್! ಮಡಿಕೇರಿಯಲ್ಲಿ ಮಳೆಯಂತೆ ಗುರೂ! ಬಿಸಿ ಬಿಸಿ ಕಾಫಿ, ಮಂಜು, ಕೈಯಲ್ಲಿ ಕೈ... ಎಷ್ಟು ರೊಮ್ಯಾಂಟಿಕ್ ಅಲ್ವಾ?' ಆಮೇಲೆ ಮಳೆ ಹಾಡು. ಇತ್ತ ಕೇಳುತ್ತಿರುವವರ ಮನೆಯಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳ ಯೂನಿಫಾರ್ಮ್ ಒಣಗಿಸುತ್ತಿರುತ್ತಾರೆ. ಮಳೆಯ ಬಗ್ಗೆ ನಮ್ಮವರಿಗೆ ರೊಮ್ಯಾನ್ಸ್ ಕಡಿಮೆ, ಲೆಕ್ಕ ಜಾಸ್ತಿ. ಬೆಳಗ್ಗೆ ಎದ್ದು ಮಳೆಮಾಪಕ ನೋಡಿ, ಡೈರಿಯಲ್ಲಿ ಇಂಚು, ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಬರೆದಿಟ್ಟ ಮೇಲೇ ತೋಟದವರಿಗೆ ಕಾಫಿ ಗಂಟಲಲ್ಲಿ ಇಳಿಯುವುದು.

ಅಂಥ ಒಬ್ಬರು ಹಿರಿಯರು ಶೋಗೆ ಫೋನ್ ಮಾಡಿದರು ಅಂತಿಟ್ಟುಕೊಳ್ಳಿ.

'ನಿನ್ನೆ ನಮ್ಮಲ್ಲಿ ಎಪ್ಪತ್ತು ಸೆಂಟ್ ಬಿತ್ತು.'

'ಓಹೋ ಅಂಕಲ್! ಯಾವ ಬ್ರ್ಯಾಂಡ್?'

ನಗುವವಳು ನಕ್ಕಳು. ಹಿರಿಯರು ಫೋನ್ ಇಟ್ಟರು.

ಅತಿಥಿಗಳದ್ದು ಇನ್ನೊಂದು ಕಥೆ. ಹೊಸ ಸಿನಿಮಾದ ಹೀರೋ ಬಂದರೆ ಕೂರ್ಗ್ ಅವನ ಸೆಕೆಂಡ್ ಹೋಮ್. ಪಂದಿ ಕರಿ (ನಮ್ಮ ಹಂದಿ ಮಾಂಸದ ಸಾರು) ಅಂದರೆ ಪ್ರಾಣ, ಆದರೆ ಅವನು ವೆಜ್. ಅದಕ್ಕಿಂತ ಆರೋಗ್ಯ ಗುರುಗಳೇ ವಾಸಿ, ಕೆಲಸಕ್ಕೆ ಬರುವ ಮಾತು ಹೇಳುತ್ತಾರೆ. 'ದಿನಾ ಬೆಳಗ್ಗೆ ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯಿರಿ. ಪ್ರಕೃತಿ ನಿಮ್ಮೊಳಗೆ ಇಳಿಯುತ್ತದೆ.' ಜೂನ್ ತಿಂಗಳಲ್ಲಿ ನಮ್ಮ ತೋಟದ ಹುಲ್ಲಿಗೆ ಬರಿಗಾಲು ಇಟ್ಟು ನೋಡಿ ಗುರುಗಳೇ. ಇಳಿಯುವುದು ಮಾತ್ರವಲ್ಲ, ಹತ್ತುತ್ತದೆ. ಕಾಲ್ಬೆರಳ ಸಂದಿಯಿಂದ ಮೊಣಕಾಲಿನವರೆಗೆ. ನಾವು ಅದಕ್ಕೆ ಜಿಗಣೆ ಅನ್ನುತ್ತೇವೆ, ಸುಣ್ಣ, ಹೊಗೆಸೊಪ್ಪು ಹಚ್ಚಿ ಬಿಡಿಸುತ್ತೇವೆ. ಅವರ ಎರಡನೇ ಸಲಹೆ ಡಿಜಿಟಲ್ ಉಪವಾಸ. ವಾರಕ್ಕೊಂದು ದಿನ ಮೊಬೈಲ್ ಮುಟ್ಟಬೇಡಿ ಅಂತ. ತಂತಿಯ ಮೇಲೆ ಒಂದು ಸಿಲ್ವರ್ ಮರ ಬಿದ್ದರೆ ಸಾಕು, ಇಡೀ ಊರಿಗೆ ನಿರಾಹಾರ ಉಪವಾಸ. ಶುಲ್ಕವೂ ಇಲ್ಲ.

ನನಗೆ ಬಹಳ ಇಷ್ಟ ಆಗುವುದು ಸ್ಪರ್ಧೆ. 'ಭಾರತದ ಸ್ಕಾಟ್ಲೆಂಡ್ ಅಂತ ಯಾವ ಊರಿಗೆ ಕರೀತಾರೆ? ಮೊದಲ ಕಾಲರ್‌ಗೆ ಭರ್ಜರಿ ಬಹುಮಾನ!' ಈ ಪ್ರಶ್ನೆಗೆ ಮೊದಲು ಉತ್ತರ ಹೇಳುವವರು ಎಲ್ಲಿಯವರಿರುತ್ತಾರೆ ಹೇಳಿ. ಮಡಿಕೇರಿಯವರೇ ಗೆದ್ದರು. ಬಹುಮಾನ ಏನು? ಮಡಿಕೇರಿಯ ಹೋಂಸ್ಟೇಯಲ್ಲಿ ಒಂದು ರಾತ್ರಿ, ಇಬ್ಬರಿಗೆ, ಕ್ಯಾಂಪ್‌ಫೈರ್ ಸಮೇತ. ಆ ಹೋಂಸ್ಟೇ ಗೆದ್ದವರ ಚಿಕ್ಕಪ್ಪನದ್ದು. ಅಲ್ಲಿಗೆ ದಿನಾ ಹಾಲು ಕೊಡುವವರೂ ಇವರೇ. 'ಅಣ್ಣ, ಹೇಗನ್ನಿಸ್ತಿದೆ? ಎಕ್ಸೈಟ್ ಆಗಿದ್ದೀರಾ?' ಅಂತ ಕೇಳಿದರೆ ಪಾಪ ಏನು ಹೇಳುತ್ತಾರೆ? 'ಅದರ ಬದಲು ಒಂದು ಟಾರ್ಪಲ್ ಸಿಗಬಹುದಾ?' ಅಂದರು. ಲೈನ್ ಕಟ್ಟಾಯಿತು. ಹಾಡು ಬಂತು.

ಇದು ಕಲ್ಪನೆ ಅನ್ನಿ, ಅಡ್ಡಿಯಿಲ್ಲ. ಆದರೆ ನಮ್ಮ ಜನರಿಗೆ ಬೆಳಗ್ಗೆ ಬೇಕಾದ್ದು ಏನು? ಮಳೆಗಾಲದಲ್ಲಿ ಮಕ್ಕಳಿರುವ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: ಡಿ.ಸಿ. ರಜೆ ಕೊಟ್ರಾ? ಟೈ ಕಟ್ಟಿ, ಬೂಟು ಹಾಕಿ, ಕೊಡೆ ಹಿಡಿದು ಮಗು ಬಾಗಿಲಲ್ಲಿ ನಿಂತಿರುತ್ತದೆ. ಅಪ್ಪ ವಾಟ್ಸ್ಆ್ಯಪ್ ತಿರುವುತ್ತಿರುತ್ತಾನೆ. ರಜೆ ಆದೇಶ ಬಂದಿದೆ, ಸಹಿ ಇದೆ, ಮೊಹರೂ ಇದೆ. ಕೆಳಗೆ ನೋಡಿದರೆ ತಾರೀಖು ಹೋದ ವರ್ಷದ್ದು. ಸಿದ್ದಾಪುರ, ಪಾಲಿಬೆಟ್ಟ, ಮಾಲ್ದಾರೆ ಕಡೆಯವರ ಪ್ರಶ್ನೆ ಬೇರೆ: ಆನೆ ಯಾರ ತೋಟದಲ್ಲಿದೆ? ಕೆಲಸದವರ ಜೀಪು ಹೊರಡುವ ಮೊದಲು ಇದು ಗೊತ್ತಾಗಬೇಕು. ಸಂಪಾಜೆ ಕಡೆಯವರಿಗೆ ಘಾಟಿ ಓಪನ್ ಉಂಟಾ ಅನ್ನುವುದೇ ಸುಪ್ರಭಾತ.

ಇದನ್ನು ಯಾರಾದರೂ ಶೋಗೆ ಫೋನ್ ಮಾಡಿ ಕೇಳಿದರೆ ಸಿಗುವ ಉತ್ತರ ನೋಡಿ. 'ಸಾರಿ ಅಣ್ಣ, ಪ್ರೈವೇಟ್ ಎಫ್‌ಎಂನಲ್ಲಿ ನಾವು ಸುದ್ದಿ ಹೇಳೋ ಹಾಗಿಲ್ಲ. ರೂಲ್ಸು! ಈಗ ಸೀದಾ ಹೋಗೋಣ ಟ್ರಾಫಿಕ್ ಅಪ್‌ಡೇಟ್‌ಗೆ, ಸಿಲ್ಕ್ ಬೋರ್ಡ್‌ನಲ್ಲಿ...'

ರೂಲ್ಸು ಇರುವುದು ನಿಜ. ಖಾಸಗಿ ಎಫ್‌ಎಂ ಬೆಂಗಳೂರಿನಲ್ಲಿ ಶುರುವಾಗಿದ್ದು 2001ರಲ್ಲಿ. ಅಂದಿನಿಂದ ಇವರು ಸ್ವಂತ ಸುದ್ದಿ ಓದುವಂತಿಲ್ಲ. ಬೇಕಾದರೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಹಾಗೇ ಹಾಕಬಹುದು ಅಂತ 2011ರ ನೀತಿ ಹೇಳಿತು. ಆದರೆ ಅದೇ ನೀತಿ ಇನ್ನೊಂದು ಮಾತೂ ಹೇಳಿತು. ಹವಾಮಾನ, ರಸ್ತೆ ಸಂಚಾರ, ಪರೀಕ್ಷೆ ಫಲಿತಾಂಶ, ಕರೆಂಟು, ನೀರು, ನೈಸರ್ಗಿಕ ವಿಕೋಪದ ಬಗ್ಗೆ ಸ್ಥಳೀಯ ಆಡಳಿತ ಕೊಡುವ ಎಚ್ಚರಿಕೆ, ಇವು ಯಾವುವೂ ಸುದ್ದಿ ಅಲ್ಲ, ಧಾರಾಳವಾಗಿ ಹೇಳಿ ಅಂತ. ಅಂದರೆ ಗುಡ್ಡ ಜರಿದರೆ ಅದು ಸರ್ಕಾರದ ಲೆಕ್ಕದಲ್ಲಿ ಸುದ್ದಿ ಅಲ್ಲ. ಸ್ಟೇಷನ್ ಲೆಕ್ಕದಲ್ಲಿ ಸುದ್ದಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕೆಳಗಿಳಿದು ಹೆದ್ದಾರಿ ಮುಚ್ಚಿಹೋದಾಗ, ಆ ಗುಡ್ಡಗಳಿಗೂ ತಾವು ಸುದ್ದಿಯೋ ಅಲ್ಲವೋ ಎಂಬ ಗೊಂದಲ ಇದ್ದಿರಬೇಕು.

ಗಾಳಿಯಲ್ಲಿ ಹೋಗುವ ಅಲೆಗಳು ಜನರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಸಂತೋಷ. ನಮ್ಮ ಪಾಲಿನ ಆಸ್ತಿಯಲ್ಲಿ ಸದ್ಯ ಗೋಲ್ಡ್ ಲೋನ್ ಜಾಹೀರಾತು ಬರುತ್ತಿದೆ.

ಫೋನಿನ ಕಥೆಯನ್ನೂ ಹೇಳಿಬಿಡುತ್ತೇನೆ. ವಿಕೋಪದ ಹೊತ್ತಿಗೆ ರೇಡಿಯೋ ಬೇಕಾಗುತ್ತದೆ, ಮೊಬೈಲ್‌ಗಳಲ್ಲಿ ಎಫ್‌ಎಂ ಬಂದ್ ಮಾಡಬೇಡಿ ಅಂತ ಕೇಂದ್ರ ಸರ್ಕಾರ 2023ರಲ್ಲಿ ಕಂಪನಿಗಳಿಗೆ ಸೂಚಿಸಿತು. ಒಳ್ಳೆಯ ಮಾತು. ಆದರೆ ಫೋನಿನಲ್ಲಿ ಎಫ್‌ಎಂ ಹಿಡಿಯಲು ಇಯರ್‌ಫೋನಿನ ವಯರೇ ಆಂಟೆನಾ. ಆ ವಯರ್ ಚುಚ್ಚುವ ತೂತನ್ನೇ ಎಷ್ಟೋ ಕಂಪನಿಗಳು ಮುಚ್ಚಿಬಿಟ್ಟಿವೆ. ಆ್ಯಪ್‌ನಲ್ಲಿ ಕೇಳೋಣ ಅಂದರೆ ಕರೆಂಟ್ ಹೋಗಿ, ಟವರ್ ಬ್ಯಾಟರಿ ಮುಗಿದು, ನೆಟ್‌ವರ್ಕ್ ಮಾಯ. ರೊಮ್ಯಾಂಟಿಕ್ ಮಳೆ ಜೋರಾಗಿ ಬಂದ ದಿನ ರೊಮ್ಯಾಂಟಿಕ್ ಶೋ ಕೇಳಿಸುವುದಿಲ್ಲ.

ಹಾಗಾದರೆ ನಮಗೆ ನಮ್ಮದೇ ರೇಡಿಯೋ ಇಲ್ಲವಾ? ಇದೆ. ಮಡಿಕೇರಿ ಆಕಾಶವಾಣಿ, 103.1, 1993ರಿಂದ ಇಲ್ಲೇ ಇದೆ. ಕನ್ನಡದ ಜೊತೆ ಕೊಡವ ಭಾಷೆ, ಅರೆಭಾಷೆ ಕೂಡ ಅಲ್ಲಿ ಕೇಳಿಸುತ್ತವೆ. ಎರಡು ಸೆಲ್ ಹಾಕಿದ ಹಳೇ ಟ್ರಾನ್ಸಿಸ್ಟರ್ ಸಾಕು. ತೊಂದರೆ ಏನೆಂದರೆ ಅಲ್ಲಿ ಯಾರೂ ಕೂಗುವುದಿಲ್ಲ. ಮೆಣಸಿನ ಬಳ್ಳಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಹೇಳುವವರು ನಡುವೆ 'ಗುರೂ' ಅನ್ನುವುದಿಲ್ಲ. ನಮ್ಮ ಹುಡುಗರಿಗೆ ಅದು ಬೋರು. ಅವರಿಗೆ ತಾವು ಎಂದೂ ಸಿಕ್ಕಿಹಾಕಿಕೊಳ್ಳದ ಜಾಮ್‌ನ ವಿವರ ಬೇಕು.

ಸರಿ, ಬದಲಾವಣೆ ಬೇಕೆಂದರೆ ಮಾಡೋಣ. ಕೊಡಗಿಗೇ ಒಂದು ಬೆಳಗಿನ ಶೋ. ಕೂಗುವವರು ಬೇಡ ಅನ್ನುವುದಿಲ್ಲ, ಇರಲಿ, ಆದರೆ ಕೂಗುವ ವಿಷಯ ನಾವು ಕೊಡುತ್ತೇವೆ: 'ಗುಡ್ ಮಾರ್ನಿಂಗ್ ಅಮ್ಮತ್ತಿ! ಮೂರು ಆನೆ, ಒಂದು ಮರಿ, ಈಗ ತಾನೇ ರಸ್ತೆ ದಾಟಿವೆ ಗುರೂ!' ಅತಿಥಿಯಾಗಿ ಸಿನಿಮಾ ಹೀರೋ ಬದಲು ಲೈನ್‌ಮ್ಯಾನ್. ಅವರು ಸ್ಟುಡಿಯೋಗೆ ಬರಲಾರರು, ಕಂಬದ ಮೇಲಿನಿಂದಲೇ ಮಾತಾಡಲಿ. 'ನಿಮ್ಮ ಮೊದಲ ಪ್ರೀತಿ ಯಾವಾಗ?' ಅಂತ ಕೇಳಬೇಡಿ, 'ನಮ್ಮ ಲೈನ್ ಯಾವಾಗ?' ಅಂತ ಕೇಳಿ. ಉತ್ತರ ಬರುವವರೆಗೆ ಹಾಡು ಹಾಕಿ. ಹಾಡುಗಳ ಸಂಗ್ರಹ ಮಾತ್ರ ದೊಡ್ಡದಿರಬೇಕು. ಚಿಂತನೆ ವಿಭಾಗಕ್ಕೆ ಬೇರೆ ಭಾಷಣಕಾರರು ಬೇಡ. ಈ ಸಲದ ರೇಟು ನೋಡಿ, ಹೋದ ವಾರವೇ ಕಾಫಿ ಮಾರಿಬಿಟ್ಟ ಬೆಳೆಗಾರರನ್ನು ಕೂರಿಸಿದರೆ ಎರಡು ನಿಮಿಷ ಸಾಲುವುದಿಲ್ಲ. ಸ್ಪರ್ಧೆಯೂ ಇರಲಿ, ಗೆದ್ದವರಿಗೆ ಬೆಂಗಳೂರಿನಲ್ಲಿ ಒಂದು ದಿನ, ಸಿಲ್ಕ್ ಬೋರ್ಡ್ ದರ್ಶನ ಸಮೇತ.

ಪ್ರಾಯೋಜಕರು ಬೇಕಾಗಿದ್ದಾರೆ. ಟಾರ್ಚ್ ಮತ್ತು ಟಾರ್ಪಲ್ ಕಂಪನಿಯವರಿಗೆ ಆದ್ಯತೆ. ಕ್ಯಾಂಪ್‌ಫೈರ್‌ನವರು ಮಳೆ ಬಿಟ್ಟ ಮೇಲೆ ಬರಲಿ.