ಸೊಪ್ಪು ಬದಲಾಯಿಸಿ, ಬಸ್ಸಾರು ಬಿಡಬೇಡಿ

ಇವತ್ತು ಬೆಳಿಗ್ಗೆ ಹಾಸನದ ಮಹಾರಾಜ ಪಾರ್ಕಿನಲ್ಲಿ ಮತ್ತದೇ ಮಾತು ಕಿವಿಗೆ ಬಿತ್ತು. "ವಾಕಿಂಗ್ ಬೋರಾಯ್ತು ಕಣ್ರೀ, ನಾಳೆಯಿಂದ ಜುಂಬಾಗೆ ಸೇರ್ತೀನಿ. ರಾತ್ರಿ ಮುದ್ದೆನೂ ನಿಲ್ಸಿ ಓಟ್ಸ್ ಶುರು ಮಾಡ್ತೀನಿ." ಸಿಟ್ಟು ಬಂತು. ಅವರ ಮೇಲಲ್ಲ, ಬೇಜಾರಾದ ತಕ್ಷಣ ಎಲ್ಲವನ್ನೂ ಬುಡಸಮೇತ ಬದಲಾಯಿಸಿ ಅಂತ ಹೇಳಿಕೊಡುವ ರೀಲ್ಸ್‌ಗಳ ಮೇಲೆ.

ಬೇಜಾರು ಸುಳ್ಳಲ್ಲ. ಹೊಸತು ಬೇಕೇ ಬೇಕು. ಆದರೆ ಹೊತ್ತು, ದಿನ, ಮೂಲ ಕ್ರಮ ಹಾಗೇ ಇರಲಿ. ಅದರೊಳಗೆ ಒಂದನ್ನು ಮಾತ್ರ ಬದಲಾಯಿಸಿ. ಇದನ್ನು ಎಷ್ಟು ಸಲ ಬರೆದರೂ ನನಗೆ ಸಾಕಾಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಅಂದರೆ ಐದು ದಿನ, ಅರ್ಧರ್ಧ ಗಂಟೆ. ಮೂರು ದಿನ ಪಾರ್ಕಿನಲ್ಲೇ ನಡೆಯಿರಿ. ಒಂದು ದಿನ 5 ನಿಮಿಷ ನಿಧಾನ, ಆಮೇಲೆ 2 ನಿಮಿಷ ಬಿರುಸು, 1 ನಿಮಿಷ ನಿಧಾನ, ಹೀಗೆ ಏಳು ಸಲ. ಕೊನೆಗೆ 4 ನಿಮಿಷ ಆರಾಮ. ಬಿರುಸಾಗಿ ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಆಗಬಾರದು. ಇನ್ನೊಂದು ದಿನ ಸೀಗೆಗುಡ್ಡದ ಏರು ಹತ್ತಿ.

ಸ್ನಾಯುಗಳಿಗೆ ಕೆಲಸ ಕೊಡುವ ಬಸ್ಕಿಯಂಥದ್ದನ್ನಂತೂ ವಾರಕ್ಕೊಮ್ಮೆ ಬದಲಾಯಿಸಲೇಬೇಡಿ. ಶುರುವಿನ ವಾರಗಳಲ್ಲಿ ಬಲ ಹೆಚ್ಚುವುದು ಬಹುಪಾಲು ನರಗಳು ಆ ಚಲನೆಯನ್ನು ಕಲಿಯುವುದರಿಂದ. ಕಲಿಯುವಷ್ಟರಲ್ಲಿ ಬಿಟ್ಟು ಬೇರೆಯದು ಹಿಡಿದರೆ ಮತ್ತೆ ಮೊದಲಿಂದ ಶುರು, ಎರಡು ಮೂರು ದಿನ ಮೈಕೈ ನೋವು ಬೇರೆ. ಆ ನೋವನ್ನೇ ಫಲ ಅಂದುಕೊಳ್ಳುವವರನ್ನು ಕಂಡರೆ ಸಂಕಟವಾಗುತ್ತದೆ. ಕುರ್ಚಿಯಲ್ಲಿ ಕೂತು ಏಳುವುದನ್ನು ಹತ್ತತ್ತರಂತೆ ಮೂರು ಸುತ್ತು ಮಾಡಿ. ಸಲೀಸಾದ ಮೇಲೆ ಕುರ್ಚಿ ತೆಗೆಯಿರಿ. ಅದೂ ಸಲೀಸಾದರೆ ಎರಡು ಲೀಟರ್ ನೀರಿನ ಬಾಟಲಿ ಎದೆಗವಚಿಕೊಳ್ಳಿ. ಹೊಸತು ಬಂತು, ಬಸ್ಕಿಯೂ ಉಳಿಯಿತು.

ಊಟಕ್ಕೂ ಇದೇ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ಸೊಪ್ಪು-ತರಕಾರಿ ಹೇಳುತ್ತದೆ. ಅಷ್ಟನ್ನು ಬೇಜಾರಿಲ್ಲದೆ ತಿನ್ನಿಸಲು ನಮ್ಮ ಬಸ್ಸಾರಿಗಿಂತ ಒಳ್ಳೆಯ ದಾರಿ ನನಗೆ ಕಾಣದು. ನಾಲ್ಕು ಜನಕ್ಕೆ ಒಂದು ಕಪ್ ತೊಗರಿಬೇಳೆ, ಎರಡು ಕಟ್ಟು ದಂಟಿನ ಸೊಪ್ಪು. ನೀರು ಧಾರಾಳವಾಗಿರಲಿ. ಬೇಳೆ ಮುಕ್ಕಾಲು ಬೆಂದ ಮೇಲೆಯೇ ಸೊಪ್ಪು ಹಾಕಿ, ಐದಾರು ನಿಮಿಷ ಸಾಕು, ಆಮೇಲೆ ನೀರು ಬಸಿಯಿರಿ. ಎರಡನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ ಮೂರು ವಿಶಲ್ ಕೂಗಿಸಿದರೆ ಕಲಸಿಹೋಗುತ್ತದೆ, ಬಸಿಯಲು ಬರುವುದಿಲ್ಲ, ಪಲ್ಯ ಲೊಳಲೊಳ. ಬಸಿದ ನೀರಿಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕಾಯಿ, ಹುಣಸೆ, ಸಾರಿನಪುಡಿ, ಬೆಂದ ಸೊಪ್ಪು-ಬೇಳೆ ಒಂದು ಹಿಡಿ ರುಬ್ಬಿ ಹಾಕಿ ಕುದಿಸಿ. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಮುಂದಿನ ಸಲ ದಂಟಿನ ಬದಲು ಸಬ್ಬಸಿಗೆ, ಅದರ ಮುಂದಿನ ಸಲ ಬೇಳೆಯ ಬದಲು ರಾತ್ರಿ ನೆನೆಸಿದ ಹುರುಳಿಕಾಳು. ಕೈಗೆ ಗೊತ್ತಿರುವ ಕೆಲಸ, ನಾಲಿಗೆಗೆ ಬೇರೆ ರುಚಿ.

ಕುರುಕಲು ತಿಂಡಿಯಲ್ಲಿ ಮಾತ್ರ ವೈವಿಧ್ಯ ಬೇಡವೇ ಬೇಡ. 1981ರಲ್ಲಿ ಆಹಾರ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಬಗೆಯ ಸ್ಯಾಂಡ್‌ವಿಚ್ ಕೊಟ್ಟಾಗಿನದಕ್ಕಿಂತ ನಾಲ್ಕು ಬಗೆ ಕೊಟ್ಟಾಗ ಜನ ಮೂರನೇ ಒಂದು ಭಾಗದಷ್ಟು ಹೆಚ್ಚು ತಿಂದರು. ಒಂದು ರುಚಿಗೆ ಸಾಕೆನಿಸಿದ ನಾಲಿಗೆ ಇನ್ನೊಂದಕ್ಕೆ ಬೇಕು ಅನ್ನುತ್ತದೆ. ಆ ಗುಣ ಸೊಪ್ಪಿನ ಕಡೆ ತಿರುಗಲಿ. ಮನೆಯಲ್ಲಿ ಕುರುಕಲು ಇಡಲೇಬೇಕಾದರೆ ಒಂದೇ ಡಬ್ಬ.

"ನಮ್ಮಜ್ಜಂದಿರು ದಿನಾ ಒಂದೇ ಮುದ್ದೆ, ಒಂದೇ ಗೇಯ್ಮೆ ಅಂತ ಗಟ್ಟಿಯಾಗಿರಲಿಲ್ಲವೇ?" ಅಂತ ಕಾಮೆಂಟ್ ಬಂದೇ ಬರುತ್ತದೆ. ಎಲ್ಲಿತ್ತು ಒಂದೇ ಗೇಯ್ಮೆ? ಉಳುಮೆ, ನಾಟಿ, ಕಳೆ, ಕೊಯ್ಲು, ಒಕ್ಕಣೆ. ಕಾಲ ಬದಲಾದಂತೆ ಮೈ ಬಾಗುವ ಬಗೆಯೂ ಬದಲಾಗುತ್ತಿತ್ತು. ಮುದ್ದೆ ಒಂದೇ ಇದ್ದರೂ ಪಕ್ಕದ ಸಾರು ಮಳೆಗಾಲಕ್ಕೆ ಕಳಲೆ, ಅಣಬೆ, ಚಳಿಗೆ ಅವರೆಕಾಳು ಅಂತ ತಿರುಗುತ್ತಿತ್ತು. ಈಗ ವರ್ಷವಿಡೀ ಅದೇ ಬೀನ್ಸು, ಕ್ಯಾರೆಟ್ಟು, ಎಲೆಕೋಸು ತಂದು ಬೇಜಾರು ಅಂದರೆ ತಪ್ಪು ಮುದ್ದೆಯದಲ್ಲ. ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋದಾಗ ಮನೆಯಲ್ಲಿ ಮಾಡದ ಸೊಪ್ಪು ಒಂದು ಕಟ್ಟು ತನ್ನಿ, ಹೊನಗೊನ್ನೆಯೋ ಕಿರಕೀರೆಯೋ. ಯಾವ ಕಾಳಿಗೆ ಹೊಂದುತ್ತದೆ ಅಂತ ಮಾರುವ ಅಮ್ಮಂದಿರನ್ನೇ ಕೇಳಿ, ಹೇಳುತ್ತಾರೆ.